ಬಂದರೆ ಒಂದು ದಾರಿ, ಬಾರದಿದ್ದರೆ ಇನ್ನೊಂದು

ಯಾವ ಕೆಲಸವನ್ನೇ ಕೈಗೊಳ್ಳಲಿ, ಅದಕ್ಕೆ ಮೊದಲು ಒಂದು ಯೋಜನೆ ಬೇಕೆಂಬುದನ್ನು ಒಪ್ಪದವರಿಲ್ಲ. ಮನೆ ಕಟ್ಟುವವನಿಗೂ ಮದುವೆ ಮಾಡುವವನಿಗೂ, ಹೊಲ ಬಿತ್ತುವವನಿಗೂ ಕಾರ್ಖಾನೆ ನಡೆಸುವವನಿಗೂ ಅದು ಬೇಕು. ಆದರೆ ಯೋಜನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂದು ಪಟ್ಟಿ: ಮೊದಲು ಇದು, ಆಮೇಲೆ ಅದು, ಇಂಥ ತಾರೀಖಿಗೆ ಮುಕ್ತಾಯ. ನಡುವೆ ನಮ್ಮ ಕೈಮೀರಿದ ಸಂಗತಿಯೊಂದು ಬಂದು ನಿಂತರೆ ಏನು ಮಾಡಬೇಕೆಂಬುದಕ್ಕೆ ಆ ಪಟ್ಟಿಯಲ್ಲಿ ಸ್ಥಳವಿರುವುದಿಲ್ಲ. ಮಳೆ ಬಾರದಿದ್ದರೆ? ತೋಡಿದ ಬಾವಿಗೆ ನೀರು ಬೀಳದಿದ್ದರೆ? ಬಿಚ್ಚಿ ನೋಡಿದ ಯಂತ್ರವು ಎಣಿಸಿದ್ದಕ್ಕಿಂತ ಹೆಚ್ಚು ಸವೆದಿದ್ದರೆ? ಇಂಥ ಪ್ರಶ್ನೆಗಳಿಗೆ ಯೋಜನೆಯ ಒಳಗೇ ಉತ್ತರ ಬರೆದಿಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಇದು ಇಂಜಿನಿಯರರ ವಿಷಯ, ಕಲಾ ವಿಭಾಗದ ವಿದ್ಯಾರ್ಥಿಗೆ ಇದರಲ್ಲೇನು ಕೆಲಸ ಎಂದು ಕೆಲವು ಮಿತ್ರರು ಕೇಳಬಹುದು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯಿಂದ ಬಂದ ನಮಗೆ ಇದು ದೂರದ ವಿಷಯವಲ್ಲ. ಒಂದು ಮಗ್ಗುಲಿಗೆ ತೊಗರಿಯ ಹೊಲ, ಇನ್ನೊಂದು ಮಗ್ಗುಲಿಗೆ ಸಿಮೆಂಟು ಕಾರ್ಖಾನೆಯ ಚಿಮಣಿ. ಇವೆರಡರ ನಡುವೆ ಬೆಳೆದವರು ನಾವು. ಈ ಶಾಸ್ತ್ರದ ಮುಖ್ಯ ಪಾಠಗಳು ಇವೆರಡು ಕಡೆಯಲ್ಲೂ ನಮ್ಮ ಕಣ್ಣೆದುರಿಗೇ ಇವೆ.

ಮೊದಲು ಸಾಮಾನ್ಯ ಯೋಜನೆಯ ಕ್ರಮವನ್ನು ನೋಡೋಣ. ಒಬ್ಬನು ಮನೆ ಕಟ್ಟಿಸುತ್ತಿದ್ದಾನೆ ಎನ್ನಿ. ಗೋಡೆ ಏರಿ ಛತ್ತು ಮುಗಿಯಲು ೪೦ ದಿನ ಬೇಕು. ನೆಲಕ್ಕೆ ಹಾಸಲು ಶಹಾಬಾದಿ ಕಲ್ಲನ್ನು ಖಣಿಯಿಂದ ತರಿಸಲು ೬ ದಿನ ಬೇಕು. ಇವೆರಡೂ ಏಕಕಾಲದಲ್ಲಿ ನಡೆಯಬಲ್ಲವು. ಆದರೆ ನೆಲ ಹಾಸುವ ಕೆಲಸಕ್ಕೆ ಎರಡೂ ಮುಗಿದಿರಬೇಕು. ಕಲ್ಲು ಹತ್ತು ದಿನ ತಡವಾಗಿ ಬಂದರೂ ಮನೆಗೆ ತಡವಿಲ್ಲ. ಛತ್ತು ಒಂದು ದಿನ ತಡವಾದರೆ ಮನೆಯೂ ಒಂದು ದಿನ ತಡ. ಹೀಗೆ ಕೆಲಸಗಳನ್ನು ಬಾಣದ ಗೆರೆಗಳಿಂದ ಜೋಡಿಸಿ ಜಾಲದಂತೆ ಬರೆದರೆ, ಅದರಲ್ಲಿ ಎಲ್ಲಕ್ಕಿಂತ ಉದ್ದವಾದ ಸರಪಳಿಯೇ ಮುಕ್ತಾಯದ ದಿನವನ್ನು ನಿರ್ಣಯಿಸುತ್ತದೆಂದು ಕಾಣುತ್ತದೆ. ಇದಕ್ಕೆ ನಿರ್ಣಾಯಕ ಪಥ ವಿಧಾನವೆಂದು ಹೆಸರು. ೧೯೫೭ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಕೆಲ್ಲಿ ಎಂಬವರು ಇದನ್ನು ರೂಪಿಸಿದರು.

ಈ ವಿಧಾನದಲ್ಲಿ ಒಂದು ಕೊರತೆಯಿದೆ. ಕಲ್ಲು ಬರಲು ೬ ದಿನ ಎಂದರೆ ಆರೇ ದಿನ ಎಂದು ಅದು ನಂಬುತ್ತದೆ. ಆದರೆ ಖಣಿಯ ಕೆಲಸ ಬಲ್ಲವರನ್ನು ಕೇಳಿದರೆ, "ಎಲ್ಲ ಸರಿಯಿದ್ದರೆ ನಾಲ್ಕು ದಿನ, ಸಾಮಾನ್ಯವಾಗಿ ಆರು, ಮಳೆ ಹಿಡಿದು ಖಣಿಯಲ್ಲಿ ನೀರು ನಿಂತರೆ ಹದಿನಾಲ್ಕು" ಎಂದಾರು. ಈ ಮೂರೂ ಮಾತುಗಳನ್ನು ಲೆಕ್ಕಕ್ಕೆ ತಂದದ್ದು ಪರ್ಟ್ ಎಂಬ ವಿಧಾನ. ಅಮೆರಿಕದ ನೌಕಾಪಡೆಯು ಪೊಲಾರಿಸ್ ಕ್ಷಿಪಣಿಗಾಗಿ ೧೯೫೮ರಲ್ಲಿ ಇದನ್ನು ಬಳಕೆಗೆ ತಂದಿತು. ಅದರ ಸೂತ್ರ ಸರಳ: ಅತಿ ಕಡಿಮೆ ಅವಧಿ, ಸಾಮಾನ್ಯ ಅವಧಿಯ ನಾಲ್ಕರಷ್ಟು, ಅತಿ ಹೆಚ್ಚಿನ ಅವಧಿ, ಈ ಮೂರನ್ನು ಕೂಡಿಸಿ ಆರರಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ೪, ೨೪, ೧೪ ಸೇರಿ ೪೨. ಆರರಿಂದ ಭಾಗಿಸಿದರೆ ೭. ಸಾಮಾನ್ಯವಾಗಿ ಆರು ದಿನ ಎನ್ನುವ ಕೆಲಸಕ್ಕೆ ಏಳು ದಿನ ಇಟ್ಟುಕೊಳ್ಳುವುದು ಜಾಣತನ. ಕೆಡುಕಿನ ಕಡೆಗೆ ಇರುವ ಅಂತರವು ಒಳಿತಿನ ಕಡೆಗೆ ಇರುವ ಅಂತರಕ್ಕಿಂತ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಗೃಹಪ್ರವೇಶಕ್ಕೆ ಮುನ್ನ ನೆಲದ ಕೆಲಸವೂ ವಿದ್ಯುತ್ತಿನ ಕೆಲಸವೂ ಮುಗಿಯಬೇಕು. ದೀಪಾವಳಿಯೊಳಗೆ ಮುಗಿಯುವ ಸಂಭವ ಒಂದೊಂದಕ್ಕೂ ಅರ್ಧಕ್ಕರ್ಧ ಎನ್ನಿ. ಮನೆಯ ಯಜಮಾನನು ಗೃಹಪ್ರವೇಶದ ಸಂಭವವೂ ಅರ್ಧವೆಂದೇ ತಿಳಿಯುತ್ತಾನೆ. ಆದರೆ ಒಂದರ ತಡಕ್ಕೂ ಇನ್ನೊಂದರ ತಡಕ್ಕೂ ಸಂಬಂಧವಿಲ್ಲದಿದ್ದರೆ, ಎರಡೂ ಕೂಡಿ ಮುಗಿಯುವ ಸಂಭವ ಅರ್ಧದ ಅರ್ಧ, ಅಂದರೆ ಕಾಲು ಭಾಗ ಮಾತ್ರ. ಮೂರು ಕೆಲಸಗಳು ಕೂಡಬೇಕಾದರೆ ಎಂಟರಲ್ಲಿ ಒಂದು. ಅನೇಕ ದಾರಿಗಳು ಬಂದು ಸೇರುವ ಸ್ಥಳದಲ್ಲಿಯೇ ಕೆಲಸಗಳು ತಡವಾಗುವುದೇಕೆ ಎಂಬುದಕ್ಕೆ ಇದು ಉತ್ತರ. ಸೇರುವವರಲ್ಲಿ ಯಾರೊಬ್ಬರೂ ವಿಶೇಷ ಸೋಮಾರಿಯಾಗಿರಬೇಕಾದ್ದಿಲ್ಲ.

ಇಷ್ಟು ಹೇಳಿದ್ದು "ಎಷ್ಟು ದಿನ" ಎಂಬ ಅನಿಶ್ಚಯವನ್ನು ಕುರಿತು. ಇದಕ್ಕಿಂತ ಆಳವಾದ ಅನಿಶ್ಚಯವೊಂದುಂಟು. ಅದು "ಯಾವ ಕೆಲಸ" ಎಂಬುದು. ಮನೆ ತಡವಾದರೂ ಕಟ್ಟುವುದು ಅದೇ ಮನೆಯನ್ನು. ಆದರೆ ಕೆಲವು ಕಾರ್ಯಗಳಲ್ಲಿ ನಡುವೆ ಒಂದು ಫಲ ತಿಳಿಯುವವರೆಗೆ ಮುಂದಿನ ಕೆಲಸ ಯಾವುದೆಂಬುದೇ ಗೊತ್ತಿರುವುದಿಲ್ಲ. ಇದಕ್ಕೆ ವಾಡಿಯ ಕಡೆಗೆ ನೋಡಬಹುದು. ಅಲ್ಲಿ ಸಿಮೆಂಟು ಕಾರ್ಖಾನೆ ಪ್ರಾರಂಭವಾದದ್ದು ೧೯೬೮ರಲ್ಲಿ. ಅನಂತರ ಸೇಡಂ, ಚಿತ್ತಾಪುರ ಪ್ರದೇಶಗಳಲ್ಲಿ ಇಂಥ ಕಾರ್ಖಾನೆಗಳು ಇನ್ನೂ ಹಲವು ಎದ್ದವು. ಕಾರ್ಖಾನೆಯ ಜೀವಾಳವೆಂದರೆ ಕಿಲ್ನ್ ಎಂದು ಕರೆಯುವ ತಿರುಗುಭಟ್ಟಿ. ಅದು ಉಕ್ಕಿನ ಬಹು ಉದ್ದವಾದ ಕೊಳವೆ. ಒಳಗೆ ಸುಣ್ಣಕಲ್ಲಿನ ಮಿಶ್ರಣವು ಸುಮಾರು ೧೪೫೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕಾದು ಗಟ್ಟಿ ಉಂಡೆಗಳಾಗುತ್ತದೆ. ಆ ಕಾವಿಗೆ ಉಕ್ಕು ನಿಲ್ಲಲಾರದಾದ್ದರಿಂದ, ಒಳಮೈಗೆಲ್ಲ ಬೆಂಕಿಯನ್ನು ತಡೆಯುವ ಇಟ್ಟಿಗೆಯನ್ನು ಜೋಡಿಸಿರುತ್ತಾರೆ. ಇಟ್ಟಿಗೆ ಸವೆಯುತ್ತ ಹೋಗುತ್ತದೆ. ಕಾಲಕಾಲಕ್ಕೆ ಭಟ್ಟಿಯನ್ನು ನಿಲ್ಲಿಸಿ ಅದನ್ನು ಬದಲಾಯಿಸಬೇಕು.

ಎಷ್ಟು ಸವೆದಿದೆ ಎಂಬುದು ನಿಲ್ಲಿಸುವ ಮುನ್ನ ಪೂರ್ತಿಯಾಗಿ ತಿಳಿಯದು. ಹೊರಮೈಯ ಉಷ್ಣತೆಯನ್ನು ಅಳೆಯುವ ಉಪಕರಣವು ಎಲ್ಲಿ ಕಾವು ಹೆಚ್ಚಿದೆ ಎಂದು ಸೂಚನೆ ಕೊಡುತ್ತದೆ. ಆದರೆ ಭಟ್ಟಿಯು ಆರಿ, ಮನುಷ್ಯರು ಒಳಹೊಕ್ಕು ಇಟ್ಟಿಗೆಯ ದಪ್ಪವನ್ನು ಅಳೆದಾಗಲೇ ನಿಜಸ್ಥಿತಿ ಗೊತ್ತಾಗುವುದು. ಇಟ್ಟಿಗೆ ಸಾಕಷ್ಟು ಉಳಿದಿದ್ದರೆ ಕೆಟ್ಟ ಭಾಗವನ್ನಷ್ಟೇ ಬದಲಾಯಿಸಿದರೆ ಆಯಿತು. ಉದ್ದಕ್ಕೂ ತೆಳುವಾಗಿದ್ದರೆ ಅಷ್ಟನ್ನೂ ಕಿತ್ತು ಹೊಸದಾಗಿ ಕೂಡಿಸಬೇಕು. ಉಕ್ಕಿನ ಕವಚವೇ ಬಿರಿದಿದ್ದರೆ ಆ ತುಂಡನ್ನು ಕತ್ತರಿಸಿ ಬೇರೆ ತುಂಡನ್ನು ಬೆಸೆಯಬೇಕು. ಇವು ಮೂರು ಬೇರೆ ಬೇರೆ ಕೆಲಸಗಳು. ಬೇಕಾದ ಸಾಮಾನು ಬೇರೆ, ಕುಶಲ ಕೆಲಸಗಾರರು ಬೇರೆ. ಇಟ್ಟಿಗೆಯಾಗಲಿ ಕವಚದ ತುಂಡಾಗಲಿ ಬೇಕೆಂದ ದಿನವೇ ಪೇಟೆಯಲ್ಲಿ ಸಿಗುವ ವಸ್ತುವಲ್ಲ. ಹೀಗಾಗಿ ನಿಲುಗಡೆಯ ಯೋಜನೆಯನ್ನು ಬರೆಯುವವನು ಒಂದು ದಾರಿಯನ್ನು ಬರೆದರೆ ಸಾಲದು. ಅಳತೆಯ ದಿನವನ್ನು ಕವಲಿನ ಬಿಂದುವಾಗಿ ಇಟ್ಟು, ಅಲ್ಲಿಂದ ಮೂರು ದಾರಿಗಳನ್ನು ಬರೆದು, ಮೂರಕ್ಕೂ ಬೇಕಾದ ಏರ್ಪಾಟನ್ನು ಮೊದಲೇ ಯೋಚಿಸಿರಬೇಕು.

ಹೀಗೆ ಕವಲೊಡೆಯುವ ಜಾಲವನ್ನು ಶಾಸ್ತ್ರಕ್ಕೆ ತಂದವರಲ್ಲಿ ಹೊವರ್ಡ್ ಐಸ್ನರ್ ಮೊದಲಿಗರು. ಸಂಶೋಧನೆಯ ಕೆಲಸದಲ್ಲಿ ಒಂದು ಪ್ರಯೋಗದ ಫಲವನ್ನು ನೋಡಿಯೇ ಮುಂದಿನ ಪ್ರಯೋಗವನ್ನು ಆರಿಸಬೇಕಾಗುತ್ತದೆಂದು ಕಂಡು, ಅವರು ೧೯೬೨ರಲ್ಲಿ ಜಾಲಚಿತ್ರದೊಳಗೆ ನಿರ್ಧಾರದ ಗೂಡುಗಳನ್ನು ಸೇರಿಸಿದರು. ೧೯೬೬ರಲ್ಲಿ ಅಲನ್ ಪ್ರಿಟ್ಸ್ಕರ್ ಎಂಬವರು ಗರ್ಟ್ ಎಂಬ ವಿಧಾನವನ್ನು ವಿವರಿಸಿದರು. ಅದರಲ್ಲಿ ಪ್ರತಿ ಕವಲಿಗೂ ಅದು ನಡೆಯುವ ಸಂಭವವನ್ನು ಬರೆಯಬಹುದು. ಅಷ್ಟೇ ಅಲ್ಲ, ಪರೀಕ್ಷೆಯಲ್ಲಿ ಸೋತ ಕೆಲಸವು ಹಿಂದಕ್ಕೆ ಹೋಗಿ ಮತ್ತೆ ಮೊದಲಾಗುವುದನ್ನೂ ತೋರಿಸಬಹುದು. ಪರ್ಟ್ ವಿಧಾನದಲ್ಲಿ ಎಲ್ಲ ಕೆಲಸಗಳೂ ನಡೆದೇ ತೀರಬೇಕು, ಹಿಂದಿರುಗುವ ದಾರಿಯಿಲ್ಲ. ಗರ್ಟ್ ವಿಧಾನದಲ್ಲಿ ಕೆಲವು ದಾರಿಗಳಲ್ಲಿ ಯಾರೂ ನಡೆಯದೆ ಹೋಗಬಹುದು, ಕೆಲವನ್ನು ಎರಡು ಸಲ ನಡೆಯಬೇಕಾಗಬಹುದು.

ಈ ವಿವರಣೆಯನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ನಮ್ಮ ರೈತರ ಮಳೆಯ ಲೆಕ್ಕ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಜಾಲಚಿತ್ರವೆಂಬ ಮಾತನ್ನು ನಮ್ಮ ಹಿರಿಯರು ಕೇಳಿದವರಲ್ಲ. ಆದರೂ ಪ್ರತಿ ವರ್ಷ ಅವರು ನಡೆಸುವ ಬೇಸಾಯವು ಕವಲುಗಳಿಂದಲೇ ಆದ ಯೋಜನೆ.

ಅದನ್ನು ಬಿಡಿಸಿ ನೋಡೋಣ. ರೈತನು ವರ್ಷವನ್ನು ೨೭ ಮಳೆಗಳಾಗಿ ಎಣಿಸುತ್ತಾನೆ; ಒಂದೊಂದು ಮಳೆ ನಕ್ಷತ್ರಕ್ಕೆ ಸುಮಾರು ೧೩–೧೪ ದಿನ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬ ಗಾದೆಯೇ ಒಂದು ಕವಲಿನ ಒಂದು ತುದಿ. ಜೂನ್ ೮ರ ಸುಮಾರಿಗೆ ಮೃಗಶಿರ ಹೂಡುತ್ತದೆ. ಅದರಲ್ಲಿ ಹದವಾದ ಮಳೆಯಾದರೆ ಹೆಸರು, ಉದ್ದು ಬಿತ್ತಬಹುದು. ಹೆಸರು ೬೦–೭೦ ದಿನಗಳಲ್ಲಿ ಕೈಗೆ ಬಂದು, ಎರೆ ಭೂಮಿಯಾದರೆ ಅದೇ ಹೊಲವು ಹಿಂಗಾರಿ ಜೋಳಕ್ಕೆ ತೆರವಾಗುತ್ತದೆ. ಜೂನ್ ೨೨ರ ಸುಮಾರಿಗೆ ಆರಿದ್ರಾ, ಜುಲೈ ೬ರ ಸುಮಾರಿಗೆ ಪುನರ್ವಸು. ಮಳೆ ಅಷ್ಟು ಹಿಂದೆ ಬಿದ್ದರೆ ಹೆಸರಿನ ಆಸೆ ಕುಂದುತ್ತದೆ, ತೊಗರಿ ಮುಂದಕ್ಕೆ ಬರುತ್ತದೆ. ಇನ್ನೂ ತಡವಾದರೆ ತೊಗರಿಯ ಗಿಡ ಎತ್ತರಕ್ಕೆ ಬೆಳೆಯದಾದ್ದರಿಂದ ಸಾಲುಗಳನ್ನು ಹತ್ತಿರ ಮಾಡಿ ಬಿತ್ತಬೇಕು, ಇಲ್ಲವೆ ಸೂರ್ಯಕಾಂತಿಯಂಥ ಬೆಳೆಗೆ ಹೊರಳಬೇಕು. ಅದೂ ತಪ್ಪಿದರೆ ಮುಂಗಾರಿಯನ್ನು ಬಿಟ್ಟು, ಹರಗಿ ಹೊಲವನ್ನು ಹದ ಮಾಡಿಟ್ಟು, ಸೆಪ್ಟೆಂಬರ್ ೧೩ರ ಉತ್ತರಾ, ಸೆಪ್ಟೆಂಬರ್ ೨೭ರ ಹಸ್ತ ಮಳೆಗಳವರೆಗೆ ಕಾದು ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತಬೇಕು.

ಗಮನಿಸಿರಿ: ಇಲ್ಲಿ ಪ್ರತಿ ಮಳೆಯ ಕೊನೆಯೂ ಒಂದು ನಿರ್ಧಾರದ ದಿನ. ಆ ದಿನದವರೆಗೆ ಕಾಯುವುದು ತಾಳ್ಮೆ. ಆ ದಿನ ಕಳೆದ ಮೇಲೂ ಕಾಯುವುದು ನಷ್ಟ. ಹೈದರಾಬಾದಿನಲ್ಲಿರುವ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆಯು ಕೃಷಿ ವಿಶ್ವವಿದ್ಯಾಲಯಗಳ ನೆರವಿನಿಂದ ಜಿಲ್ಲೆಗೊಂದರಂತೆ ಬದಲಿ ಬೆಳೆಯ ಯೋಜನೆಗಳನ್ನು ಸಿದ್ಧಪಡಿಸಿದೆ. ನಮ್ಮ ಜಿಲ್ಲೆಗೂ ಅಂಥದೊಂದಿದೆ. ಮುಂಗಾರು ೨ ವಾರ ತಡವಾದರೆ ಏನು, ೪ ವಾರವಾದರೆ ಏನು, ೬ ವಾರ, ೮ ವಾರವಾದರೆ ಏನು ಎಂದು ಆ ಯೋಜನೆಯ ಮನೆಗಳು ಸಾಗುತ್ತವೆ. ಎರಡು ವಾರವೆಂದರೆ ಹೆಚ್ಚುಕಡಿಮೆ ಒಂದು ಮಳೆ ನಕ್ಷತ್ರವೇ ಅಲ್ಲವೆ? ವಿಜ್ಞಾನಿಯ ಹೆಜ್ಜೆಯೂ ರೈತನ ಹೆಜ್ಜೆಯೂ ಒಂದೇ ಅಳತೆಗೆ ಬಂದು ನಿಂತಿವೆ.

ಆದರೆ ಎಲ್ಲ ಹೊಲಕ್ಕೂ ಒಂದೇ ಜಾಲಚಿತ್ರ ಹೊಂದದು. ಆಳವಾದ ಎರೆ ಭೂಮಿಯು ಮಳೆಯ ತೇವವನ್ನು ಒಡಲಲ್ಲಿ ಹಿಡಿದಿಟ್ಟು ಹಿಂಗಾರಿಗೆ ಕೊಡುತ್ತದೆ. ನಮ್ಮ ಸೀಮೆಯಲ್ಲಿ ಅನೇಕ ಕಡೆ ಮಣ್ಣು ತೆಳುವು, ಕೆಳಗೆ ಒಡನೆಯೇ ಹಾಸುಗಲ್ಲು. ಅಂಥ ಮಡ್ಡಿಯಲ್ಲಿ ತೇವ ನಿಲ್ಲದು. ಹಿಂಗಾರಿಯೆಂಬ ಕೊನೆಯ ದಾರಿ ಅಲ್ಲಿ ಇಲ್ಲವೇ ಇಲ್ಲ. ಎರಡು ಹೊಲಗಳ ಮೇಲೆ ಬಿದ್ದ ಮಳೆ ಒಂದೇ ಆದರೂ ಮಡ್ಡಿಯ ರೈತನು ಎರೆಯವನಿಗಿಂತ ಮೊದಲೇ ನಿರ್ಧಾರ ಮಾಡಬೇಕಾಗುತ್ತದೆ. ಯಾರಿಗೆ ದಾರಿಗಳು ಕಡಿಮೆಯೋ ಅವರಿಗೆ ಕಾಲವೂ ಕಡಿಮೆ.

ಕವಲುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದಕ್ಕೆ ಬದಲಾಗಿ ಎರಡರಲ್ಲೂ ಏಕಕಾಲಕ್ಕೆ ನಡೆಯುವ ಉಪಾಯವೂ ನಮ್ಮಲ್ಲುಂಟು. ತೊಗರಿಯ ಸಾಲುಗಳ ನಡುವೆ ಹೆಸರನ್ನೋ ಸಜ್ಜೆಯನ್ನೋ ಬಿತ್ತುತ್ತಾರೆ. ತೊಗರಿಯು ಮೊದಲ ಎರಡು ತಿಂಗಳು ನಿಧಾನವಾಗಿ ಬೆಳೆಯುವುದು. ಅದು ಹರಡುವಷ್ಟರಲ್ಲಿ ಹೆಸರು ಕಟಾವಾಗಿ ಹೋಗಿರುವುದು. ಒಂದು ಕೆಟ್ಟರೂ ಇನ್ನೊಂದು ಉಳಿಯಲಿ ಎಂಬುದು ಇದರ ಮರ್ಮ. ಪೂರಾ ಒಂದೇ ಬೆಳೆಯಿಂದ ಬರಬಹುದಾದ ಲಾಭ ಇದರಲ್ಲಿ ಸ್ವಲ್ಪ ಕಡಿಮೆಯಾದೀತು. ಆ ಕಡಿಮೆಯೇ ನಿಶ್ಚಿಂತೆಗೆ ಕೊಟ್ಟ ಬೆಲೆ.

ಈಗ ಒಂದು ಮುಖ್ಯ ಸಂಗತಿಗೆ ಬರೋಣ. ಬಿತ್ತಿದ ಮೇಲೆ ಮೊಳಕೆಯೊಡೆದ ಪೈರು ಮಳೆಯಿಲ್ಲದೆ ಒಣಗಿದರೆ ಮತ್ತೆ ಬಿತ್ತಬೇಕು. ಗರ್ಟ್ ವಿಧಾನವು ತೋರಿಸುವ ಹಿಂದಿರುಗುವ ಬಾಣವೆಂದರೆ ಇದೇ. ಲೆಕ್ಕಕ್ಕಾಗಿ, ನಾಲ್ಕರಲ್ಲಿ ಒಂದು ಹೊಲವನ್ನು ಹೀಗೆ ಮರುಬಿತ್ತನೆ ಮಾಡಬೇಕಾಗುತ್ತದೆ ಎನ್ನೋಣ. ನೂರು ಹೊಲಗಳಿಗೆ ಹೊಲಕ್ಕೊಂದರಂತೆ ನೂರು ಚೀಲ ಬೀಜ ಸಾಲದು, ೧೨೫ ಬೇಕು. ಹೊಲಕ್ಕೆ ಸರಾಸರಿ ಒಂದೂಕಾಲು ಚೀಲ. ಬೀಜದ ಉಗ್ರಾಣಕ್ಕೆ ಈ ಸರಾಸರಿ ಬಹು ಉಪಯುಕ್ತ. ಆದರೆ ರೈತನ ಮಟ್ಟಿಗೆ ಅದು ಅರ್ಥವಿಲ್ಲದ ಅಂಕಿ. ಅವನಿಗೆ ಬೇಕಾದದ್ದು ಒಂದು ಚೀಲ, ಇಲ್ಲವೆ ಎರಡು. ಒಂದೂಕಾಲು ಚೀಲ ಬೇಕಾದ ರೈತನು ನೂರರಲ್ಲಿ ಒಬ್ಬನೂ ಇಲ್ಲ. ಸರಾಸರಿಯು ಗುಂಪಿಗೆ ಸತ್ಯ, ಒಬ್ಬನಿಗಲ್ಲ. ಆದ್ದರಿಂದಲೇ ಕವಲಿರುವ ಕಡೆ ಸರಾಸರಿಯನ್ನು ಬರೆದು ಒಂದೇ ದಾರಿಯನ್ನು ಮಾಡುವುದು ದೊಡ್ಡ ದೋಷ. ಮಳೆ ಬಂದ ವರ್ಷವನ್ನೂ ಬಾರದ ವರ್ಷವನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ "ಸಾಧಾರಣ ವರ್ಷ"ದಲ್ಲಿ ಯಾರೂ ಬೇಸಾಯ ಮಾಡಿದವರಿಲ್ಲ.

ಮೊದಲ ಚೀಲವನ್ನೇ ಸಾಲ ಮಾಡಿ ತಂದವನಿಗೆ ಎರಡನೆಯ ಚೀಲ ಎಲ್ಲಿಂದ ಬರಬೇಕು? ಅವನ ಬಳಿ ದಾರಿ ಇದೆ, ಆದರೆ ಆ ದಾರಿಯಲ್ಲಿ ನಡೆಯುವ ಬಲವಿಲ್ಲ. "ತೊಗರಿ ಹೋದರೆ ಸೂರ್ಯಕಾಂತಿ" ಎಂದು ಕಾಗದದ ಮೇಲೆ ಬರೆಯುವುದು ಸುಲಭ. ಆ ವಾರ ಸೂರ್ಯಕಾಂತಿಯ ಬೀಜವು ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲದಿದ್ದರೆ ಆ ಬರಹವು ಯೋಜನೆಯಾಗದು, ಹಾರೈಕೆಯಾಗುತ್ತದೆ. ಪರ್ಯಾಯ ದಾರಿಯನ್ನು ಬರೆದವನು ಅದರ ಬುತ್ತಿಯನ್ನೂ ಕಟ್ಟಿಡಬೇಕು. ಈ ವಿಷಯದಲ್ಲಿ ಹೇಳಬೇಕಾದ ಒಂದೇ ಮಾತು ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ.

ಅನಿಶ್ಚಯವೆಂದರೆ ಮಳೆಯ ಕೊರತೆಯೊಂದೇ ಅಲ್ಲ. ೧೯೭೨ರ ಬರವನ್ನು ನಮ್ಮ ಅಜ್ಜಂದಿರ ತಲೆಮಾರಿನವರು ಇಂದಿಗೂ ಮರೆತಿಲ್ಲ. ಆದರೆ ೨೦೨೦ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ನದಿಗಳು ಉಕ್ಕಿ ನಿಂತ ಬೆಳೆ ನೀರುಪಾಲಾಯಿತು. ನೀರು ಇಳಿದ ಹೊಲದ ತೇವದಲ್ಲಿ ಕಡಲೆ ಬಿತ್ತಲು ಅವಕಾಶವಿದ್ದದ್ದು ಆಗ ಉಳಿದಿದ್ದ ಒಂದು ಕವಲು. ೨೦೨೨ರ ಹಂಗಾಮಿನಲ್ಲಿ ತೊಗರಿಗೆ ನೆಟೆ ರೋಗ ಬಂದು ಕಾಯಿ ಕಟ್ಟುವ ಕಾಲಕ್ಕೆ ಗಿಡಗಳು ಒಣಗಿದವು. ಆ ಹೊತ್ತಿಗೆ ಯಾವ ಕವಲೂ ಉಳಿದಿರುವುದಿಲ್ಲ. ಆ ರೋಗ ಮಣ್ಣಿನಲ್ಲಿ ಉಳಿದು ಬರುವಂಥದು. ಅದನ್ನು ಎದುರಿಸಬೇಕಾದದ್ದು ತಳಿಯನ್ನು ಆರಿಸುವಾಗ, ಬೆಳೆಯನ್ನು ವರ್ಷದಿಂದ ವರ್ಷಕ್ಕೆ ಬದಲಾಯಿಸುವಾಗ. ಕೇಡು ತಡವಾಗಿ ಬಂದಷ್ಟೂ ದಾರಿಗಳು ಕಡಿಮೆ. ಆದ್ದರಿಂದ ತಡವಾಗಿ ಬರುವ ಕೇಡಿನ ಕವಲನ್ನು ಎಲ್ಲಕ್ಕಿಂತ ಮೊದಲು ಯೋಚಿಸಬೇಕು.

ಹಾಗಾದರೆ ಒಂದು ಕೆಲಸಕ್ಕೆ ಕವಲುಳ್ಳ ಯೋಜನೆಯನ್ನು ಬರೆಯುವಾಗ ಗಮನಿಸಬೇಕಾದುವು ಯಾವುವು? ಒಂದನೆಯದು, ಕವಲಿನ ಪ್ರಶ್ನೆ ಹೌದು ಅಥವಾ ಅಲ್ಲ ಎಂದು ಹೇಳುವಂತಿರಬೇಕು. "ಮಳೆ ಚೆನ್ನಾಗಿ ಬಂದರೆ" ಎಂಬುದು ಪ್ರಶ್ನೆಯಲ್ಲ, "ಪುನರ್ವಸು ಮುಗಿಯುವುದರೊಳಗೆ ಬಿತ್ತುವಷ್ಟು ಹದ ಬಂತೆ?" ಎಂಬುದು ಪ್ರಶ್ನೆ. ಎರಡನೆಯದು, ನಿರ್ಧಾರದ ಕೊನೆಯ ದಿನ ಬರೆದಿರಬೇಕು. ಮೂರನೆಯದು, ನಿರ್ಧರಿಸುವವರು ಯಾರೆಂಬುದು ಮೊದಲೇ ಗೊತ್ತಿರಬೇಕು. ಇಲ್ಲವಾದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ದಿನ ಕಳೆಯುವರು. ನಾಲ್ಕನೆಯದು, ಪ್ರತಿ ದಾರಿಗೂ ಬೇಕಾದ ಹಣ, ಸಾಮಾನು, ಜನ ಸಿದ್ಧವಿರಬೇಕು. ಐದನೆಯದು, ಹಾಗೆ ಸಿದ್ಧವಾಗಿಡುವ ಖರ್ಚು ದಂಡವೆಂದು ಕೊರಗಬಾರದು. ಉಪಯೋಗಿಸದೆ ಉಳಿದ ಬೀಜವು ಸುಖವಾಗಿ ಕಳೆದ ವರ್ಷದ ಗುರುತು.

ಎಲ್ಲ "ಹೀಗಾದರೆ"ಗಳಿಗೂ ಕವಲು ಬರೆಯುತ್ತ ಹೋದರೆ ಕೊನೆಯೆಲ್ಲಿ ಎಂಬ ಆಕ್ಷೇಪಣೆ ಸಹಜವಾದದ್ದು. ಒಂದು ಪ್ರಶ್ನೆಗೆ ಎರಡು ದಾರಿ, ಎರಡಕ್ಕೆ ನಾಲ್ಕು, ಐದು ಪ್ರಶ್ನೆಗೆ ೩೨, ಹತ್ತಕ್ಕೆ ೧೦೨೪. ಇಷ್ಟನ್ನು ಬರೆಯುವುದರಲ್ಲೇ ಹಂಗಾಮು ಕಳೆದೀತು. ಇದಕ್ಕೆ ಎರಡು ಪರಿಹಾರಗಳಿವೆ. ಯಾವ ಪ್ರಶ್ನೆಯ ಉತ್ತರದಿಂದ ನಮ್ಮ ಇಂದಿನ ಸಿದ್ಧತೆ ಬದಲಾಗುವುದಿಲ್ಲವೋ ಆ ಪ್ರಶ್ನೆಯನ್ನು ಬಿಟ್ಟುಬಿಡಬಹುದು. ಯಾವ ಎರಡು ದಾರಿಗಳು ಮುಂದೆ ಒಂದೇ ಕಡೆ ಬಂದು ಸೇರುವವೋ ಅವನ್ನು ಅಲ್ಲಿಂದ ಒಂದಾಗಿ ಬರೆಯಬಹುದು. ಹೆಸರು ಕೈಗೆ ಬಂದ ಎರೆ ಹೊಲವೂ ಮುಂಗಾರಿ ತಪ್ಪಿ ಖಾಲಿ ಉಳಿದ ಎರೆ ಹೊಲವೂ ಉತ್ತರಾ ಮಳೆಯ ಹೊತ್ತಿಗೆ ಒಂದೇ ಬಿಂದುವಿಗೆ ಬರುತ್ತವೆ: ಎರಡರಲ್ಲೂ ಬಿತ್ತಬೇಕಾದದ್ದು ಜೋಳವೇ. ರೈತನ ತಲೆಯಲ್ಲಿ ಅಷ್ಟು ದೊಡ್ಡ ಜಾಲ ಹಿಡಿದದ್ದು ಹೀಗೆ ಸೇರುವ ಬಿಂದುಗಳಿಂದಲೇ.

ವಿದ್ಯಾರ್ಥಿಗಳಾದ ನಮಗೂ ಈ ವಿಚಾರ ಸಲ್ಲುತ್ತದೆ. ನಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಪದವಿಯ ಮುಂದಿನ ಯೋಜನೆ ಒಂದೇ ಸಾಲಿನದು: ಓದು ಮುಗಿಯಲಿ, ನೌಕರಿ ಬರುತ್ತದೆ. ನೌಕರಿಯ ಪರೀಕ್ಷೆ ಮುಂದೆ ಹೋದರೆ, ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ, ಆ ವರ್ಷ ಏನು ಮಾಡುವುದೆಂದು ಬರೆದಿಟ್ಟವರು ಕಡಿಮೆ. ಬಿ.ಎಡ್. ಅರ್ಜಿಯ ಕೊನೆಯ ದಿನವಾವುದು, ಎಷ್ಟು ವರ್ಷ ಪರೀಕ್ಷೆಗೆ ಕೂಡುವುದು, ಅಷ್ಟರವರೆಗೆ ಮನೆಯ ಖರ್ಚು ಹೇಗೆ, ಯಾವ ದಿನದ ನಂತರ ಇನ್ನೊಂದು ದಾರಿ ಹಿಡಿಯುವುದು ಎಂಬುದನ್ನು ಮನೆಯವರೊಡನೆ ಕುಳಿತು ಮೊದಲೇ ಮಾತಾಡುವುದು ಅಪಶಕುನವಲ್ಲ. ಹಸ್ತ ಮಳೆಯ ಮಾತನ್ನು ಮೃಗಶಿರದಲ್ಲೇ ಆಡುವ ರೈತನನ್ನು ನಾವು ನಿರಾಶಾವಾದಿ ಎನ್ನುವುದಿಲ್ಲವಷ್ಟೆ.

ಉಳ್ಳವನು ಯೋಜನೆ ತಪ್ಪಿದರೆ ಹಣದಿಂದ ತಿದ್ದಿಕೊಳ್ಳುತ್ತಾನೆ. ಇಲ್ಲದವನು ಮೊದಲೇ ಯೋಚಿಸಿ ತಿದ್ದಿಕೊಳ್ಳಬೇಕು. ಆದ್ದರಿಂದ ಈ ಶಾಸ್ತ್ರವು ಕ್ಷಿಪಣಿ ಮಾಡುವವರಿಗಿಂತ ಹೆಚ್ಚಾಗಿ ಬೇಕಾದದ್ದು ನಮ್ಮಂಥವರ ಮನೆಗಳಿಗೆ, ನಮ್ಮ ಸಹಕಾರ ಸಂಘಗಳಿಗೆ, ನಮ್ಮ ಗ್ರಾಮ ಪಂಚಾಯತಿಗಳಿಗೆ. ನಾಳೆ ಅಲ್ಲೆಲ್ಲ ಕೆಲಸ ಮಾಡಲಿರುವವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅವರು ಯಾವ ಯೋಜನೆಗೆ ಸಹಿ ಹಾಕಬೇಕಾಗಿ ಬಂದರೂ "ಇದು ಹೀಗಾಗದಿದ್ದರೆ ಏನು? ಅದಕ್ಕೆ ಬೀಜವೆಲ್ಲಿದೆ?" ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಅನಂತರ ಸಹಿ ಹಾಕಲಿ.